ಗೇಮ್‌ಪ್ಲೇ ವಿಡಿಯೋ ಚಿಕ್ಕದು ಮಾಡಿ ಕಳಿಸುವುದು ಹೇಗೆ? ಡಬ್ಬಿ, ಕೋಡೆಕ್ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಆಟ ಆಡಿ ರೆಕಾರ್ಡ್ ಮಾಡುವ ನಮ್ಮ ಗೆಳೆಯರ ಗುಂಪಿನಲ್ಲಿ ವಾರಕ್ಕೆ ಒಂದು ಸಲವಾದರೂ ಈ ಮಾತು ಬರುತ್ತದೆ: "ಅಣ್ಣಾ, ಫೈಲ್ ಮೂರು ಜಿಬಿ ಆಗೇತಿ, ಹೆಂಗ ಕಳಿಸ್ಲಿ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಟ್ಟಿದ್ದೇನೆ. ಮೇಲಿನಿಂದ ಓದಿದರೆ ಒಳ್ಳೆಯದು. ಅವಸರ ಇದ್ದರೆ ನಿಮ್ಮ ಪ್ರಶ್ನೆಗೆ ನೇರವಾಗಿ ಹೋಗಿ.

ನನ್ನ ಫೈಲ್ ಹೆಸರಿನ ಕೊನೆಗೆ ಎಂಪಿ4 ಅಂತ ಇದೆ. ಅಂದ್ರೆ ನನ್ನ ವಿಡಿಯೋ ಎಂಪಿ4 ಕೋಡೆಕ್‌ನಲ್ಲಿದೆ ಅಲ್ವಾ?

ಅಲ್ಲ. ಎಂಪಿ4 ಅನ್ನುವುದು ಡಬ್ಬಿಯ ಹೆಸರು. ಇಂಗ್ಲಿಷಿನಲ್ಲಿ ಇದಕ್ಕೆ ಕಂಟೇನರ್ ಅನ್ನುತ್ತಾರೆ.

ಅವ್ವ ಕಟ್ಟಿಕೊಡುವ ಬುತ್ತಿ ಡಬ್ಬಿ ನೆನಪು ಮಾಡಿಕೊಳ್ಳಿ. ಕೆಳಗಿನ ಅಂಕಣದಲ್ಲಿ ರೊಟ್ಟಿ, ಅದರ ಮೇಲೆ ಎಣ್ಣೆಗಾಯಿ, ಎಲ್ಲಕ್ಕಿಂತ ಮೇಲೆ ಶೇಂಗಾ ಚಟ್ನಿ. ವಿಡಿಯೋ ಫೈಲ್ ಕೂಡ ಹಾಗೇ. ಒಂದು ಅಂಕಣದಲ್ಲಿ ಚಿತ್ರ, ಇನ್ನೊಂದರಲ್ಲಿ ಆಟದ ಸದ್ದು, ಮತ್ತೊಂದರಲ್ಲಿ ನಿಮ್ಮ ಮೈಕಿನ ಮಾತು, ಬೇಕಾದರೆ ಸಬ್‌ಟೈಟಲ್. ಯಾವ ಚಿತ್ರದ ಜೊತೆ ಯಾವ ಸದ್ದು ಬರಬೇಕು ಅನ್ನುವ ಸಮಯದ ಲೆಕ್ಕವನ್ನೂ ಡಬ್ಬಿಯೇ ಇಟ್ಟುಕೊಳ್ಳುತ್ತದೆ.

ಡಬ್ಬಿ ಹೊರಗಿನಿಂದ ನೋಡಿದರೆ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಎರಡು ಎಂಪಿ4 ಫೈಲ್‌ಗಳಿವೆ ಅಂದುಕೊಳ್ಳಿ. ಒಂದರೊಳಗೆ ಎಚ್.264 ಅನ್ನುವ ಕೋಡೆಕ್ ಇರಬಹುದು, ಇನ್ನೊಂದರೊಳಗೆ ಎಚ್.265. ಒಂದು ನಿಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುತ್ತದೆ, ಇನ್ನೊಂದು ಸದ್ದು ಮಾತ್ರ ಕೊಟ್ಟು ಕಪ್ಪು ಪರದೆ ತೋರಿಸುತ್ತದೆ. ಹೆಸರಿನ ಕೊನೆ ಒಂದೇ, ಒಳಗಿನ ಮಾಲು ಬೇರೆ.

ಒಳಗೆ ಏನಿದೆ ಅಂತ ನೋಡಲು ವಿಎಲ್‌ಸಿಯಲ್ಲಿ ಫೈಲ್ ತೆರೆದು ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಇನ್ನೂ ವಿವರ ಬೇಕಿದ್ದರೆ ಮೀಡಿಯಾಇನ್ಫೋ ಅನ್ನುವ ಉಚಿತ ಸಾಧನ ಹಾಕಿಕೊಳ್ಳಿ. ಯಾರಾದರೂ ನನ್ನ ಹತ್ತಿರ "ವಿಡಿಯೋ ಓಡುತ್ತಿಲ್ಲ" ಅಂದರೆ ನಾನು ಮೊದಲು ಕೇಳುವುದು ಇದರ ಸ್ಕ್ರೀನ್‌ಶಾಟ್.

ಹಾಗಾದ್ರೆ ಕೋಡೆಕ್ ಅಂದ್ರೆ ಏನು?

ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ, ಆಮೇಲೆ ಬಿಚ್ಚಿ ತೋರಿಸುವ ವಿಧಾನ. ಇದು ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ.

1080ಪಿ ಅಂದರೆ ಒಂದು ಫ್ರೇಮಿನಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳು. ಒಂದು ಚುಕ್ಕೆಗೆ ಕೆಂಪು, ಹಸಿರು, ನೀಲಿ ಸೇರಿ 3 ಬೈಟ್. ಒಂದೇ ಫ್ರೇಮಿಗೆ 6.2 ಎಂಬಿ. ಸೆಕೆಂಡಿಗೆ 60 ಫ್ರೇಮ್ ಅಂದರೆ 373 ಎಂಬಿ. ಒಂದು ನಿಮಿಷಕ್ಕೆ 22 ಜಿಬಿಗಿಂತ ಜಾಸ್ತಿ! ಒತ್ತದೆ ಇದ್ದರೆ ಒಂದು ಮ್ಯಾಚ್ ಕೂಡ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುವುದಿಲ್ಲ.

ಕೋಡೆಕ್ ಮಾಡುವ ಮುಖ್ಯ ಕೆಲಸ ಇಷ್ಟು. ಒಂದು ಫ್ರೇಮ್ ಪೂರ್ತಿ ಬರೆದಿಡುತ್ತದೆ. ಇದು ಕೀಫ್ರೇಮ್. ಮುಂದಿನ ಫ್ರೇಮ್‌ಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. "ಈ ಗೋಡೆ ನಾಲ್ಕು ಚುಕ್ಕೆ ಎಡಕ್ಕೆ ಸರಿಯಿತು, ಆಕಾಶ ಹಾಗೇ ಇದೆ" ಅನ್ನುವ ರೀತಿ. ಜೊತೆಗೆ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ವಿವರಗಳನ್ನು ಬಿಟ್ಟೇಬಿಡುತ್ತದೆ.

ಈ ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಹಾಲು ಕಾಯಿಸಿ ಖೋವಾ ಮಾಡಿ, ಅದನ್ನು ಹುರಿದು ಧಾರವಾಡ ಪೇಡೆ ಮಾಡುತ್ತೇವೆ. ಡಬ್ಬಿ ಚಿಕ್ಕದಾಯಿತು, ಬಸ್ಸಿನಲ್ಲಿ ಒಯ್ಯಲು ಸುಲಭವಾಯಿತು. ಆದರೆ ಪೇಡೆಯನ್ನು ನೀರಿನಲ್ಲಿ ಕದಡಿದರೆ ಹಾಲು ವಾಪಸ್ ಬರುತ್ತದೆಯೇ? ಈ ಮಾತು ನೆನಪಿನಲ್ಲಿರಲಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಎಂಕೆವಿ ಫೈಲಿನ ಹೆಸರನ್ನು ಎಂಪಿ4 ಅಂತ ಬದಲಿಸಿದರೆ ಸಾಕಾಗುತ್ತಾ?

ನನ್ನ ಚಿಕ್ಕಪ್ಪನ ಮಗ ಹೀಗೇ ಮಾಡಿ ಬಂದಿದ್ದ. "ಅಣ್ಣಾ, ಹೆಸರ ಬದಲಿ ಮಾಡೇನಿ, ಆದ್ರೂ ಎಡಿಟರ್ ತಗೊಳ್ಳವಲ್ದು." "ತಮ್ಮಾ, ಚೀಟಿ ಅಷ್ಟ ಬದಲಿ ಮಾಡೀಯಲ್ಲ, ಡಬ್ಬಿ ಅದ ಐತಲ್ಲ" ಅಂದೆ.

ಎಂಕೆವಿ ಕೂಡ ಎಂಪಿ4ನಂತೆ ಇನ್ನೊಂದು ಡಬ್ಬಿ. ಹೆಸರು ಬದಲಿಸಿದರೆ ಡಬ್ಬಿ ಬದಲಾಗುವುದಿಲ್ಲ. ವಿಎಲ್‌ಸಿಯಂಥ ಪ್ಲೇಯರ್ ಒಳಗೆ ಇಣುಕಿ ನೋಡಿ ಓಡಿಸಿಬಿಡುತ್ತದೆ, ಆದ್ದರಿಂದ ಸರಿಯಾಯಿತು ಅನಿಸುತ್ತದೆ. ಎಡಿಟರ್ ಅಥವಾ ಫೋನಿಗೆ ಹೋದಾಗ ಸಮಸ್ಯೆ ಗೊತ್ತಾಗುತ್ತದೆ. ಮಾಡಬೇಕಾದದ್ದು ರೀಮಕ್ಸ್.

ರೀಮಕ್ಸ್ ಅಂದ್ರೆ ಏನು? ಅದಕ್ಕೂ ಎನ್‌ಕೋಡ್ ಮಾಡುವುದಕ್ಕೂ ವ್ಯತ್ಯಾಸ ಏನು?

ರೀಮಕ್ಸ್ ಅಂದರೆ ಅದೇ ಊಟವನ್ನು ಬೇರೆ ಡಬ್ಬಿಗೆ ಎತ್ತಿ ಇಡುವುದು. ಎನ್‌ಕೋಡ್ ಅಂದರೆ ಮತ್ತೆ ಒಲೆ ಹಚ್ಚಿ ಅಡಿಗೆ ಮಾಡುವುದು.

ರೀಮಕ್ಸ್ ಮಾಡಿದರೆ ಚಿತ್ರದ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಒಂದು ಗಂಟೆಯ ರೆಕಾರ್ಡಿಂಗ್ ಆದರೂ ಫೈಲ್ ಕಾಪಿ ಮಾಡಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಆದರೆ ಫೈಲ್ ಚಿಕ್ಕದೂ ಆಗುವುದಿಲ್ಲ. ಮೂರು ಜಿಬಿ ಎಂಕೆವಿ ಸುಮಾರು ಮೂರು ಜಿಬಿ ಎಂಪಿ4 ಆಗುತ್ತದೆ. ತೂಕ ಇರುವುದು ಊಟದಲ್ಲಿ, ಡಬ್ಬಿಯಲ್ಲಿ ಅಲ್ಲ.

ಎನ್‌ಕೋಡ್ ಮಾಡಿದರೆ ಫೈಲ್ ಚಿಕ್ಕದಾಗುತ್ತದೆ. ಸಮಯ ಹಿಡಿಯುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಗುಣಮಟ್ಟ ಸ್ವಲ್ಪ ಹೋಗುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂಕೆವಿಯನ್ನು ಎಂಪಿ4 ಮಾಡಬೇಕು ಅಂತ ಯಾವುದೋ ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ, ಗಂಟೆಗಟ್ಟಲೆ ಕಾದು, ಮಸುಕಾದ ವಿಡಿಯೋ ಪಡೆದು ಬೇಸರ ಪಡುತ್ತಾರೆ. ಅವರಿಗೆ ಬೇಕಾಗಿದ್ದದ್ದು ಡಬ್ಬಿ ಬದಲಾವಣೆ ಮಾತ್ರ. ಆದ್ದರಿಂದ ಕೆಲಸ ಶುರು ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನ ತೊಂದರೆ ಡಬ್ಬಿಯದ್ದೋ, ಗಾತ್ರದ್ದೋ? ಡಬ್ಬಿಯದ್ದಾದರೆ ರೀಮಕ್ಸ್. ಗಾತ್ರದ್ದಾದರೆ ಮಾತ್ರ ಎನ್‌ಕೋಡ್.

ರೆಕಾರ್ಡ್ ಮಾಡುವ ಸಾಧನ ಒಬಿಎಸ್ ಇದ್ದರೆ ಅದರ ಫೈಲ್ ಮೆನುವಿನಲ್ಲೇ ರೀಮಕ್ಸ್ ರೆಕಾರ್ಡಿಂಗ್ಸ್ ಇದೆ. ಕಮಾಂಡ್ ಬರೆಯುವ ಅಭ್ಯಾಸ ಇದ್ದವರು ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಜಾಗಕ್ಕೆ ಕಾಪಿ ಅಂತ ಕೊಟ್ಟರೆ ಆಯಿತು. ವಿಡಿಯೋ ಚಿಕ್ಕದು ಮಾಡುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಧನ ಈ ಕೆಲಸಕ್ಕೆ ಬರುವುದಿಲ್ಲ. ಅದು ಚಿತ್ರವನ್ನು ಯಾವಾಗಲೂ ಮತ್ತೆ ಎನ್‌ಕೋಡ್ ಮಾಡುತ್ತದೆ.

ಒಬಿಎಸ್‌ನಲ್ಲಿ ನೇರವಾಗಿ ಎಂಪಿ4ಗೇ ರೆಕಾರ್ಡ್ ಮಾಡಿದರೆ ಏನಾಗುತ್ತೆ? ಎಂಕೆವಿ ಯಾಕೆ ಅಂತಾರೆ?

ಇದನ್ನು ನಾನು ಕಳಕೊಂಡು ಕಲಿತೆ. ಒಂದು ಮಳೆಗಾಲದ ರಾತ್ರಿ ಗೆಳೆಯರೆಲ್ಲ ಸೇರಿ ಎರಡು ಗಂಟೆ ಆಡಿದ್ದೆವು. ಕೊನೆಯ ಮ್ಯಾಚಿನಲ್ಲಿ ನಮ್ಮ ತಂಡದ ಒಬ್ಬನೇ ಉಳಿದು ಮೂವರನ್ನು ಹೊಡೆದು ಗೆಲ್ಲಿಸಿದ. ನಾವೆಲ್ಲ ಕೂಗಾಡುತ್ತಿದ್ದೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಮತ್ತೆ ಚಾಲೂ ಮಾಡಿ ನೋಡಿದರೆ ಫೋಲ್ಡರಿನಲ್ಲಿ ಹಲವು ಜಿಬಿಯ ಎಂಪಿ4 ಫೈಲ್ ಇದೆ, ಯಾವ ಪ್ಲೇಯರೂ ತೆರೆಯುವುದಿಲ್ಲ. ಆ ಮ್ಯಾಚ್ ಮತ್ತೆ ನೋಡಲು ಸಿಗಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಕಾರಣ ಇದು. ಮಾಮೂಲಿ ಎಂಪಿ4 ಫೈಲಿಗೆ ಒಂದು ಪರಿವಿಡಿ ಬೇಕು. ಯಾವ ಫ್ರೇಮ್ ಫೈಲಿನ ಯಾವ ಜಾಗದಲ್ಲಿದೆ ಅನ್ನುವ ಪಟ್ಟಿ. ರೆಕಾರ್ಡಿಂಗ್ ನಿಲ್ಲಿಸಿದಾಗ ಈ ಪಟ್ಟಿಯನ್ನು ಕೊನೆಗೆ ಬರೆಯುತ್ತಾರೆ. ಅದು ಬರೆಯುವ ಮುಂಚೆ ಮಷೀನ್ ಬಂದ್ ಆದರೆ ಚಿತ್ರವೆಲ್ಲ ಒಳಗಿದ್ದರೂ ಪ್ಲೇಯರ್‌ಗೆ ದಾರಿ ಗೊತ್ತಾಗುವುದಿಲ್ಲ. ಎಂಕೆವಿ ತನ್ನ ಮಾಹಿತಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ, ಪ್ರತಿ ಕಂತಿಗೂ ಸಮಯ ನಮೂದಿಸಿ ಬರೆಯುತ್ತ ಹೋಗುತ್ತದೆ. ಮಧ್ಯದಲ್ಲಿ ನಿಂತರೂ ಅಲ್ಲಿಯವರೆಗಿನದ್ದು ಉಳಿಯುತ್ತದೆ.

ನನ್ನ ಸಲಹೆ: ರೆಕಾರ್ಡ್ ಎಂಕೆವಿಗೆ, ಆಮೇಲೆ ರೀಮಕ್ಸ್ ಎಂಪಿ4ಗೆ. ಒಬಿಎಸ್ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಭಾಗದಲ್ಲಿ ಇದು ತಾನಾಗಿಯೇ ಆಗುವ ಹಾಗೆ ಟಿಕ್ ಹಾಕಬಹುದು. 2024ರಲ್ಲಿ ಬಂದ ಒಬಿಎಸ್ 30.2ರಲ್ಲಿ ಹೈಬ್ರಿಡ್ ಎಂಪಿ4 ಅನ್ನುವ ಆಯ್ಕೆಯೂ ಸೇರಿತು. ಅದೂ ಮಧ್ಯದಲ್ಲಿ ನಿಂತರೆ ಹಾಳಾಗದ ಹಾಗೆ ಬರೆಯುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಮಾಮೂಲಿ ಎಂಪಿ4 ಮಾತ್ರ ಬೇಡ.

ಹತ್ತು ನಿಮಿಷದ ಕ್ಲಿಪ್ ಮೂರು ಜಿಬಿ ಯಾಕೆ ಆಗುತ್ತೆ?

ಬಿಟ್‌ರೇಟ್. ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಮಾಡುತ್ತಿದ್ದೀರಿ ಅನ್ನುವ ಲೆಕ್ಕ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ, 8ರಿಂದ ಭಾಗಿಸಿದರೆ ಫೈಲಿನ ಗಾತ್ರ ಬರುತ್ತದೆ.

40 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 40 ಮೆಗಾಬಿಟ್) 10 ನಿಮಿಷ: 40 × 600 ÷ 8 = 3000 ಎಂಬಿ. ಮೂರು ಜಿಬಿ. ಅದನ್ನೇ 8 ಎಂಬಿಪಿಎಸ್‌ಗೆ ಇಳಿಸಿದರೆ 600 ಎಂಬಿ. ಈ ಲೆಕ್ಕದಲ್ಲಿ ಡಬ್ಬಿಯ ಹೆಸರು ಎಲ್ಲೂ ಬರುವುದಿಲ್ಲ, ಗಮನಿಸಿದಿರಾ? 1080ಪಿ ಅನ್ನುವುದೂ ಬರುವುದಿಲ್ಲ. ಅದೇ ಬಿಟ್‌ರೇಟ್ ಕೊಟ್ಟರೆ 720ಪಿ ಫೈಲೂ ಅಷ್ಟೇ ದೊಡ್ಡದು.

ರೆಕಾರ್ಡ್ ಮಾಡುವಾಗ ಬಿಟ್‌ರೇಟ್ ಜಾಸ್ತಿ ಇರುವುದು ತಪ್ಪಲ್ಲ. ಮೂಲ ಚೆನ್ನಾಗಿದ್ದರೆ ಆಮೇಲೆ ಚಿಕ್ಕದು ಮಾಡಿದ್ದೂ ಚೆನ್ನಾಗಿರುತ್ತದೆ. ಹಂಚುವ ಪ್ರತಿಯನ್ನು ಮಾತ್ರ ಚಿಕ್ಕದು ಮಾಡಿ.

ಎಚ್.264, ಎಚ್.265, ವಿಪಿ9, ಎವಿ1. ಯಾವುದು ಆರಿಸಲಿ?

ಯಾರಿಗೆ ಕಳಿಸುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಎಚ್.264 ಬಂದದ್ದು 2003ರಲ್ಲಿ. ಎವಿಸಿ ಅಂತ ಕಂಡರೂ ಇದೇ. ಇಂದಿಗೂ ಇದು ಓಡದ ಫೋನ್, ಟಿವಿ, ಬ್ರೌಸರ್ ಸಿಗುವುದು ಕಷ್ಟ. ಗದಗಿನಲ್ಲಿರುವ ಮಾವನ ಹಳೇ ಫೋನಿನಲ್ಲೂ ಓಡಬೇಕು, ಕಾಲೇಜಿನ ಲ್ಯಾಬ್ ಕಂಪ್ಯೂಟರಿನಲ್ಲೂ ಓಡಬೇಕು ಅಂದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಎಚ್.265 ಅಥವಾ ಎಚ್‌ಇವಿಸಿ 2013ರದ್ದು. ಎಚ್.264ರ ಗುಣಮಟ್ಟವನ್ನು ಸುಮಾರು ಅರ್ಧ ಬಿಟ್‌ರೇಟಿನಲ್ಲಿ ಕೊಡಬೇಕು ಅನ್ನುವ ಗುರಿ ಇಟ್ಟುಕೊಂಡು ಮಾಡಿದ್ದು. ಆಟದ ವಿಡಿಯೋಗಳಲ್ಲಿ ಉಳಿತಾಯ ಅಷ್ಟೇ ಸಿಗುತ್ತದೆ ಅಂತ ಭರವಸೆ ಇಲ್ಲ, ಆದರೂ ಚೆನ್ನಾಗಿಯೇ ಸಿಗುತ್ತದೆ. ತೊಂದರೆ ಬರುವುದು ಓಡಿಸುವ ಕಡೆ. ಅನೇಕ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದಕ್ಕೆ ಬೇರೆಯಾಗಿ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ಪೇಟೆಂಟ್ ಶುಲ್ಕದ ಗೊಂದಲದಿಂದ ಬ್ರೌಸರ್‌ಗಳೂ ತುಂಬಾ ವರ್ಷ ಇದನ್ನು ದೂರ ಇಟ್ಟಿದ್ದವು. ನಿಮ್ಮ ಸ್ವಂತ ಹಾರ್ಡ್ ಡಿಸ್ಕಿನಲ್ಲಿ ಹಳೇ ಮ್ಯಾಚ್‌ಗಳನ್ನು ಕೂಡಿಡಲು ಇದು ಬಹಳ ಒಳ್ಳೆಯದು.

ವಿಪಿ9 ಗೂಗಲ್‌ನದ್ದು, ಅದೂ 2013. ಯೂಟ್ಯೂಬ್ ತನ್ನ ಕಡೆ ಬಳಸುತ್ತದೆ, ನೀವು ಕೈಯಿಂದ ಮಾಡುವ ಅವಶ್ಯಕತೆ ಕಡಿಮೆ.

ಎವಿ1 2018ರಲ್ಲಿ ಬಂತು. ಪರವಾನಗಿ ಶುಲ್ಕ ಬೇಡ ಅಂತಲೇ ಹಲವು ದೊಡ್ಡ ಕಂಪನಿಗಳು ಸೇರಿ ಮಾಡಿದ ಕೋಡೆಕ್. ಕಡಿಮೆ ಬಿಟ್‌ರೇಟಿನಲ್ಲಿ ಇದರಷ್ಟು ಚೆನ್ನಾಗಿ ಚಿತ್ರ ಹಿಡಿದಿಡುವುದು ಈ ನಾಲ್ಕರಲ್ಲಿ ಬೇರೆ ಇಲ್ಲ. ಆರ್‌ಟಿಎಕ್ಸ್ 40 ಸರಣಿ, ಇಂಟೆಲ್ ಆರ್ಕ್, ರೇಡಿಯಾನ್ ಆರ್‌ಎಕ್ಸ್ 7000 ಸರಣಿಯ ಗ್ರಾಫಿಕ್ಸ್ ಕಾರ್ಡ್ ಇದ್ದವರು ಆಡುತ್ತಲೇ ಎವಿ1ನಲ್ಲಿ ರೆಕಾರ್ಡ್ ಮಾಡಬಹುದು. ಬರೀ ಪ್ರೊಸೆಸರ್ ಮೇಲೆ ಮಾಡಿದರೆ ಕಾಯಬೇಕಾಗುತ್ತದೆ. ನೋಡುವವರ ಫೋನ್ ಹಳೆಯದಾದರೆ ತಡವರಿಸುತ್ತದೆ ಅಥವಾ ಬ್ಯಾಟರಿ ಬೇಗ ಖಾಲಿ ಮಾಡುತ್ತದೆ.

ನಾನು ಹಂಚಲು ಎಚ್.264, ಕೂಡಿಡಲು ಎಚ್.265 ಬಳಸುತ್ತೇನೆ. ನಮ್ಮ ಗುಂಪಿನ ಎಲ್ಲರ ಫೋನೂ ಹೊಸದಾದ ದಿನ ಎವಿ1ಗೆ ಹೋಗುತ್ತೇನೆ.

ಯಾವ ಡಬ್ಬಿಯಲ್ಲಿ ಯಾವ ಕೋಡೆಕ್ ಹಿಡಿಸುತ್ತದೆ?

ಎಂಕೆವಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ. ಎಂಪಿ4ನಲ್ಲಿ ಎಚ್.264, ಎಚ್.265, ಎವಿ1 ಆರಾಮಾಗಿ, ಸದ್ದಿಗೆ ಎಎಸಿ. ವೆಬ್‌ಎಂನಲ್ಲಿ ವಿಪಿ8, ವಿಪಿ9, ಎವಿ1 ಮಾತ್ರ. ಸದ್ದಿಗೆ ವಾರ್ಬಿಸ್ ಅಥವಾ ಓಪಸ್. ಎವಿಐ 1992ರ ಡಬ್ಬಿ, ಈಗ ಬೇಡ.

ಸದ್ದಿನ ಬಗ್ಗೆ ಒಂದು ಎಚ್ಚರಿಕೆ. ಓಪಸ್ ಒಳ್ಳೆಯ ಕೋಡೆಕ್, ಆದರೆ ಎಂಪಿ4 ಒಳಗೆ ಓಪಸ್ ಇಟ್ಟರೆ ಕೆಲವು ಎಡಿಟರ್ ಮತ್ತು ಫೋನ್‌ಗಳಲ್ಲಿ ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ. ಹಂಚುವ ಎಂಪಿ4ಗೆ ಎಎಸಿಯೇ ಇರಲಿ.

ಹ್ಯಾಂಡ್‌ಬ್ರೇಕ್‌ನಲ್ಲಿ ಆರ್‌ಎಫ್ ಅಂತ ಒಂದು ಪಟ್ಟಿ ಇದೆ. ಎಷ್ಟಕ್ಕೆ ಇಡಲಿ?

ಇದನ್ನೇ ಬೇರೆ ಕಡೆ ಸಿಆರ್‌ಎಫ್ ಅನ್ನುತ್ತಾರೆ. ಬಿಟ್‌ರೇಟ್ ಇಷ್ಟೇ ಅಂತ ಕಟ್ಟಿಹಾಕುವ ಬದಲು "ಗುಣಮಟ್ಟ ಇಷ್ಟಿರಲಿ, ಬಿಟ್ ಎಷ್ಟು ಬೇಕೋ ನೀನೇ ಖರ್ಚು ಮಾಡು" ಅಂತ ಎನ್‌ಕೋಡರ್‌ಗೆ ಹೇಳುವುದು. ಲಾಬಿಯಲ್ಲಿ ಸುಮ್ನೆ ನಿಂತಾಗ ಬಿಟ್ ಉಳಿಸುತ್ತದೆ, ಗ್ರೆನೇಡ್ ಸಿಡಿದಾಗ ಕೈಬಿಚ್ಚಿ ಖರ್ಚು ಮಾಡುತ್ತದೆ. ಆಟದ ವಿಡಿಯೋಗೆ ಹೇಳಿ ಮಾಡಿಸಿದ ಹಾಗಿದೆ.

ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಜಾಸ್ತಿ, ಫೈಲ್ ದೊಡ್ಡದು. ಎಚ್.264 ತಯಾರಿಸುವ ಎಕ್ಸ್264 ಎನ್‌ಕೋಡರ್‌ನಲ್ಲಿ 0ರಿಂದ 51ರವರೆಗೆ ಇದೆ, ಏನೂ ಹೇಳದಿದ್ದರೆ 23 ತೆಗೆದುಕೊಳ್ಳುತ್ತದೆ. ಎಚ್.265 ತಯಾರಿಸುವ ಎಕ್ಸ್265ನಲ್ಲಿ 28. ಎರಡರ ಅಳತೆಪಟ್ಟಿ ಬೇರೆ ಬೇರೆ, ಆದ್ದರಿಂದ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಅಂದಾಜಿಗೆ ಒಂದು ಲೆಕ್ಕ: ಸಂಖ್ಯೆ 6 ಏರಿಸಿದರೆ ಫೈಲ್ ಸುಮಾರು ಅರ್ಧವಾಗುತ್ತದೆ.

ಸಂಖ್ಯೆ ಓದಿ ನಂಬುವುದಕ್ಕಿಂತ ಕಣ್ಣಿಂದ ನೋಡುವುದು ಮೇಲು. ಉಣಕಲ್ ಕೆರೆ ಹತ್ತಿರದ ಗೆಳೆಯನ ಮನೆಯಲ್ಲಿ ಒಂದು ಭಾನುವಾರ ಕೂತು ನಾವು ಇದನ್ನು ಮಾಡಿದೆವು. ಇಪ್ಪತ್ತು ಸೆಕೆಂಡಿನ ಒಂದು ತುಣುಕು. ಆಟಗಾರ ಉದ್ದ ಹುಲ್ಲಿನೊಳಗೆ ಓಡುತ್ತಾನೆ, ಬಲಕ್ಕೆ ತಿರುಗುತ್ತಾನೆ, ದೂರದ ಗುಡ್ಡದ ಮೇಲೆ ಒಬ್ಬ ಶತ್ರು ಕಾಣುತ್ತಾನೆ. ಎಕ್ಸ್264ನಲ್ಲಿ 18, 23, 28, 33 ಅಂತ ನಾಲ್ಕು ಪ್ರತಿ ತೆಗೆದು, ಒಂದೇ ಫ್ರೇಮಿನಲ್ಲಿ ನಿಲ್ಲಿಸಿ ನೋಡಿದೆವು.

18ರಲ್ಲಿ ಮೂಲಕ್ಕೂ ಪ್ರತಿಗೂ ವ್ಯತ್ಯಾಸ ಹುಡುಕಿದರೂ ಸಿಗಲಿಲ್ಲ. 23ರಲ್ಲಿ ನಿಲ್ಲಿಸಿ ನೋಡಿದರೆ ಹುಲ್ಲಿನ ತುದಿ ಸ್ವಲ್ಪ ಮೆತ್ತಗಾಗಿತ್ತು, ಓಡುವಾಗ ಗೊತ್ತೇ ಆಗಲಿಲ್ಲ. 28ರಲ್ಲಿ ತಿರುಗುವ ಹೊತ್ತಿಗೆ ಹುಲ್ಲು ಎಳೆಎಳೆಯಾಗಿ ಕಾಣುವುದು ಬಿಟ್ಟು ಕೊತ್ತಂಬರಿ ಚಟ್ನಿ ಬಳಿದ ಹಾಗಾಯಿತು. 33ರಲ್ಲಿ ಗುಡ್ಡದ ಮೇಲಿನ ಶತ್ರುವೇ ಕಲ್ಲಿನ ಬಣ್ಣದಲ್ಲಿ ಸೇರಿ ಮಾಯವಾದ. ಆ ಗುಂಡು ಯಾರಿಗೆ ಬಿತ್ತು ಅಂತ ನೋಡುವವರಿಗೆ ತಿಳಿಯುವುದೇ ಇಲ್ಲ. ಆಟದ ವಿಡಿಯೋದಲ್ಲಿ ಮುಖ್ಯವಾದದ್ದು ಬಹಳ ಸಲ ಇಷ್ಟೇ ಇಷ್ಟು ಚುಕ್ಕೆಗಳಲ್ಲಿರುತ್ತದೆ. ಅದು ಹೋದರೆ ಕಳಿಸಿ ಏನು ಉಪಯೋಗ?

ಅವತ್ತಿನಿಂದ ಹುಲ್ಲು, ಮಳೆ, ಹೊಗೆ, ಹಿಮ ಇರುವ ಆಟಗಳಿಗೆ ನಾನು 20ರಿಂದ 22 ಇಡುತ್ತೇನೆ. ಕಾರ್ಟೂನ್ ತರದ ಬಣ್ಣ, ಬಯಲು ಗೋಡೆ ಇರುವ ಆಟಗಳಿಗೆ 23-24 ಸಾಕು. ಚೆಸ್ ಅಥವಾ ಪಝಲ್ ಆಟಕ್ಕೆ ಅದಕ್ಕಿಂತ ಮೇಲೆ ಹೋದರೂ ನಡೆಯುತ್ತದೆ, ಪರದೆ ಹೆಚ್ಚು ಕದಲುವುದೇ ಇಲ್ಲ. ನಿಮ್ಮ ಆಟದ ಅತಿ ಗದ್ದಲದ ಇಪ್ಪತ್ತು ಸೆಕೆಂಡ್ ಕತ್ತರಿಸಿ, ಅದರ ಮೇಲೆ ಮೊದಲು ಪ್ರಯೋಗ ಮಾಡಿ. ಪೂರ್ತಿ ವಿಡಿಯೋ ಆಮೇಲೆ.

60 ಎಫ್‌ಪಿಎಸ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಹ್ಯಾಂಡ್‌ಬ್ರೇಕ್‌ನಿಂದ ಬಂದದ್ದು ತಟತಟ ಅಂತ ಎಳೆಯುತ್ತಿದೆ. ಯಾಕೆ?

ಫಾಸ್ಟ್ 1080ಪಿ30 ಅನ್ನುವ ಪ್ರಿಸೆಟ್ ಆರಿಸಿದ್ದೀರಿ. ಕೊನೆಯ 30 ಅಂದರೆ ಸೆಕೆಂಡಿಗೆ 30 ಫ್ರೇಮ್. ಅರ್ಧ ಫ್ರೇಮ್ ಅಲ್ಲೇ ಹೋಯಿತು. ವಿಡಿಯೋ ಟ್ಯಾಬಿನಲ್ಲಿ ಫ್ರೇಮ್‌ರೇಟ್ 60 ಅಥವಾ ಮೂಲದಷ್ಟೇ ಅಂತ ಬದಲಿಸಿ ಮತ್ತೆ ಮಾಡಿ.

ಗ್ರಾಫಿಕ್ಸ್ ಕಾರ್ಡಿನ ಎನ್‌ವೆಂಕ್ ಬಳಸಲೋ, ಪ್ರೊಸೆಸರ್ ಬಳಸಲೋ?

ರೆಕಾರ್ಡ್ ಮಾಡುವಾಗ ಕಾರ್ಡ್. ಆಟಕ್ಕೆ ಪ್ರೊಸೆಸರ್ ಬೇಕು, ಅದನ್ನು ಎನ್‌ಕೋಡಿಂಗ್‌ಗೆ ಕೊಟ್ಟರೆ ಆಟವೇ ನಿಧಾನವಾಗುತ್ತದೆ. ಎನ್‌ವಿಡಿಯಾದಲ್ಲಿ ಎನ್‌ವೆಂಕ್, ಇಂಟೆಲ್‌ನಲ್ಲಿ ಕ್ವಿಕ್‌ಸಿಂಕ್, ಎಎಂಡಿಯಲ್ಲಿ ಎಎಂಎಫ್. ಇವೆಲ್ಲ ಈ ಕೆಲಸಕ್ಕೇ ಇರುವ ಬೇರೆ ಭಾಗಗಳನ್ನು ಬಳಸುತ್ತವೆ.

ಆಮೇಲೆ ಚಿಕ್ಕದು ಮಾಡುವಾಗ ಪ್ರೊಸೆಸರ್. ಅದೇ ಗಾತ್ರದ ಫೈಲಿನಲ್ಲಿ ಎಕ್ಸ್264ನ ಸ್ಲೋ ಅಥವಾ ಮೀಡಿಯಂ ವೇಗದ ಆಯ್ಕೆ ಸಾಮಾನ್ಯವಾಗಿ ಹೆಚ್ಚು ವಿವರ ಉಳಿಸುತ್ತದೆ. ಅವಸರ ಇಲ್ಲ ಅಂದರೆ ಊಟಕ್ಕೆ ಕೂರುವ ಮುಂಚೆ ಹಚ್ಚಿಬಿಡಿ. ಎನ್‌ವೆಂಕ್‌ನಲ್ಲೂ ಗುಣಮಟ್ಟದ ಸಂಖ್ಯೆ ಇರುತ್ತದೆ, ಆದರೆ ಅಲ್ಲಿನ 23 ಮತ್ತು ಎಕ್ಸ್264ನ 23 ಒಂದೇ ಅಲ್ಲ.

ಡಿಸ್ಕಾರ್ಡ್‌ಗೆ 10 ಎಂಬಿ ಒಳಗೇ ಬೇಕು. ಸಿಆರ್‌ಎಫ್‌ನಿಂದ ಗುರಿ ಸಿಗುತ್ತಿಲ್ಲ.

ಸಿಗುವುದಿಲ್ಲ, ಅದು ಗುಣಮಟ್ಟ ಕಾಯುತ್ತದೆ, ಗಾತ್ರ ಅಲ್ಲ. ಗಾತ್ರ ಗಟ್ಟಿ ಇದ್ದಾಗ ಬಿಟ್‌ರೇಟ್ ಲೆಕ್ಕ ಹಾಕಿ, ಎರಡು ಸುತ್ತಿನ ಎನ್‌ಕೋಡ್ ಆರಿಸಿ. ಮೊದಲ ಸುತ್ತಿನಲ್ಲಿ ಎಲ್ಲಿ ಗದ್ದಲ ಜಾಸ್ತಿ ಅಂತ ನೋಡಿಕೊಳ್ಳುತ್ತದೆ, ಎರಡನೇ ಸುತ್ತಿನಲ್ಲಿ ಅದಕ್ಕೆ ತಕ್ಕ ಹಾಗೆ ಬಿಟ್ ಹಂಚುತ್ತದೆ.

30 ಸೆಕೆಂಡಿನ ಕ್ಲಿಪ್ ಅಂದುಕೊಳ್ಳಿ. 10 ಎಂಬಿ ಅಂದರೆ 80 ಮೆಗಾಬಿಟ್. 80 ÷ 30 = 2.66 ಎಂಬಿಪಿಎಸ್. ಸದ್ದಿಗೆ 128 ಕೆಬಿಪಿಎಸ್ ತೆಗೆದು, ಡಬ್ಬಿಗೂ ಸ್ವಲ್ಪ ಜಾಗ ಬಿಟ್ಟರೆ ಚಿತ್ರಕ್ಕೆ 2.4 ಎಂಬಿಪಿಎಸ್ ಉಳಿಯುತ್ತದೆ. ಇಷ್ಟರಲ್ಲಿ 1080ಪಿ 60 ಎಫ್‌ಪಿಎಸ್ ಹಠ ಹಿಡಿಯಬೇಡಿ. 720ಪಿಗೆ ಇಳಿಸಿದರೆ ಚುಕ್ಕೆಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ, ಉಳಿದ ಪ್ರತಿ ಚುಕ್ಕೆಗೂ ಬಿಟ್ ಜಾಸ್ತಿ ಸಿಗುತ್ತದೆ. ಚೌಕ ಚೌಕವಾಗಿ ಒಡೆದ 1080ಪಿಗಿಂತ ಸ್ವಚ್ಛವಾದ 720ಪಿ ನೋಡಲು ಹಿತ.

ಅದಕ್ಕಿಂತ ದೊಡ್ಡ ಉಳಿತಾಯ ಕತ್ತರಿಯಲ್ಲಿದೆ. ನಿಜವಾಗಿ ತೋರಿಸಬೇಕಾದ 12 ಸೆಕೆಂಡ್ ಮಾತ್ರ ಇಟ್ಟುಕೊಂಡರೆ ಅದೇ 10 ಎಂಬಿಯಲ್ಲಿ 6 ಎಂಬಿಪಿಎಸ್ ಮೀರಿ ಸಿಗುತ್ತದೆ.

ಕತ್ತರಿಸಿದರೆ ಗುಣಮಟ್ಟ ಹೋಗುತ್ತಾ?

ಎಡಿಟರ್‌ನಲ್ಲಿ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಮತ್ತೆ ಎನ್‌ಕೋಡ್ ಆಗುತ್ತದೆ. ಲಾಸ್‌ಲೆಸ್‌ಕಟ್‌ನಂಥ ಉಚಿತ ಸಾಧನದಲ್ಲಿ ಎನ್‌ಕೋಡ್ ಮಾಡದೇ ಕತ್ತರಿಸಬಹುದು. ಒಂದೇ ಮಿತಿ: ಶುರುವಿನ ಕತ್ತರಿ ಕೀಫ್ರೇಮಿನ ಮೇಲೆ ಬೀಳಬೇಕು. ಆದ್ದರಿಂದ ನೀವು ಅಂದುಕೊಂಡ ಜಾಗಕ್ಕಿಂತ ಒಂದೆರಡು ಸೆಕೆಂಡ್ ಹಿಂದೆ ಶುರುವಾಗಬಹುದು. ಒಬಿಎಸ್‌ನಲ್ಲಿ ಕೀಫ್ರೇಮ್ ಅಂತರ 2 ಸೆಕೆಂಡ್ ಇಟ್ಟರೆ ಈ ತೊಂದರೆ ಚಿಕ್ಕದಾಗುತ್ತದೆ.

ವಾಟ್ಸಾಪಿನಲ್ಲಿ ಕಳಿಸಿದ ತಕ್ಷಣ ಮಸುಕಾಗುತ್ತೆ. ನಾನೇನು ತಪ್ಪು ಮಾಡಿದೆ?

ಏನೂ ತಪ್ಪಿಲ್ಲ. ವಿಡಿಯೋ ಅಂತ ಕಳಿಸಿದರೆ ವಾಟ್ಸಾಪ್ ತಾನೇ ಇನ್ನೊಮ್ಮೆ ಒತ್ತುತ್ತದೆ. ಡಾಕ್ಯುಮೆಂಟ್ ಅಂತ ಸೇರಿಸಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. 2022ರಿಂದ 2 ಜಿಬಿವರೆಗೆ ಬಿಡುತ್ತಾರೆ.

ಆದರೆ ಪಡೆಯುವವರನ್ನೂ ಯೋಚಿಸಿ. ಹಾವೇರಿ ಕಡೆಯ ಹಳ್ಳಿಯಲ್ಲಿರುವ ಗೆಳೆಯನ ಇಡೀ ದಿನದ ಡೇಟಾ 1.5 ಜಿಬಿ ಇದ್ದರೆ, ನಿಮ್ಮ ಒಂದು ಮ್ಯಾಚ್ ಅವನ ಅರ್ಧ ದಿನವನ್ನು ತಿಂದುಬಿಡುತ್ತದೆ. ಮೊದಲು ನೀವೇ ಸರಿಯಾಗಿ ಚಿಕ್ಕದು ಮಾಡಿ, ಆಮೇಲೆ ಡಾಕ್ಯುಮೆಂಟ್ ಆಗಿ ಕಳಿಸಿ.

ಯೂಟ್ಯೂಬಿಗೆ ಹಾಕುವ ಮುಂಚೆ ಚಿಕ್ಕದು ಮಾಡಬೇಕಾ?

ಸಾಧ್ಯವಾದಷ್ಟು ಮಾಡಬೇಡಿ. ನೀವು ಏನೇ ಕೊಟ್ಟರೂ ಯೂಟ್ಯೂಬ್ ಮತ್ತೆ ಎನ್‌ಕೋಡ್ ಮಾಡುತ್ತದೆ. ನೀವೂ ಒತ್ತಿ, ಅವರೂ ಒತ್ತಿದರೆ ನಷ್ಟ ಎರಡು ಸಲ. 1080ಪಿ 60 ಎಫ್‌ಪಿಎಸ್‌ಗೆ ಯೂಟ್ಯೂಬ್ ಹೇಳುವ ಬಿಟ್‌ರೇಟ್ 12 ಎಂಬಿಪಿಎಸ್, 1440ಪಿ 60ಕ್ಕೆ 24. ನಿಮ್ಮ ನೆಟ್ ತಡೆಯುವುದಾದರೆ ಅದಕ್ಕಿಂತ ಜಾಸ್ತಿಯೇ ಕೊಡಿ. ಎಂಪಿ4, ಎಚ್.264, ಎಎಸಿ ಸಾಕು.

ಗುಂಪಿನಲ್ಲಿ ಒಬ್ಬರು ಕಂಡುಕೊಂಡ ಉಪಾಯ ನಮಗೆಲ್ಲ ಕೆಲಸಕ್ಕೆ ಬಂದಿದೆ. 1080ಪಿ ವಿಡಿಯೋವನ್ನು 1440ಪಿಗೆ ಹಿಗ್ಗಿಸಿ ಹಾಕಿದರೆ ಯೂಟ್ಯೂಬ್ ಅದಕ್ಕೆ ವಿಪಿ9 ಮತ್ತು ಜಾಸ್ತಿ ಬಿಟ್‌ರೇಟ್ ಕೊಡುತ್ತದೆ. ಹುಲ್ಲಿನ ಆಟಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಕಿದ ತಕ್ಷಣ ಮಸುಕಾಗಿದ್ದರೆ ಗಾಬರಿಯಾಗಬೇಡಿ. ದೊಡ್ಡ ಗಾತ್ರದ ಪ್ರತಿಗಳು ತಯಾರಾಗಲು ಹೊತ್ತು ಬೇಕು.

ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಎಡಿಟ್ ಮಾಡಿದರೆ ಮಾತು ಮುಂದೆ, ಚಿತ್ರ ಹಿಂದೆ ಆಗುತ್ತೆ.

ಫೋನ್ ಸಾಮಾನ್ಯವಾಗಿ ಸಮ ಅಂತರದಲ್ಲಿ ಫ್ರೇಮ್ ಹಿಡಿಯುವುದಿಲ್ಲ. ಆಟ ಭಾರವಾದಾಗ 40, ಹಗುರಾದಾಗ 60. ಪ್ಲೇಯರ್‌ಗೆ ಇದು ಅರ್ಥವಾಗುತ್ತದೆ, ಎಡಿಟರ್ ಮಾತ್ರ ಎಲ್ಲವೂ ಸಮ ಅಂತ ನಂಬಿ ಲೆಕ್ಕ ತಪ್ಪುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, ಆರ್‌ಎಫ್ 16-18 ಇಟ್ಟು ಒಮ್ಮೆ ತೆಗೆಯಿರಿ. ಎಡಿಟರ್‌ಗೆ ಆ ಪ್ರತಿ ಕೊಡಿ.

ಕಾಮೆಂಟ್ರಿ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿದ್ದೆ. ಕಳಿಸಿದಾಗ ನನ್ನ ಮಾತೇ ಕೇಳಿಸುತ್ತಿಲ್ಲ ಅಂತಾರೆ.

ಡಬ್ಬಿಯಲ್ಲಿ ಎರಡು ಅಂಕಣ ಇದ್ದರೂ ಫೋನಿನ ಪ್ಲೇಯರ್ ಮೊದಲನೆಯದನ್ನು ಮಾತ್ರ ಓಡಿಸುತ್ತದೆ. ಒಬಿಎಸ್‌ನಲ್ಲಿ 1ನೇ ಟ್ರ್ಯಾಕಿಗೆ ಆಟ ಮತ್ತು ಮೈಕ್ ಎರಡನ್ನೂ ಸೇರಿಸಿ, 2ಕ್ಕೆ ಆಟ ಮಾತ್ರ, 3ಕ್ಕೆ ಮೈಕ್ ಮಾತ್ರ ಹಾಕಿ. ನೇರ ಕಳಿಸಿದರೂ ಎಲ್ಲ ಕೇಳಿಸುತ್ತದೆ, ಎಡಿಟ್ ಮಾಡುವಾಗ ಬೇರೆ ಬೇರೆಯಾಗಿಯೂ ಸಿಗುತ್ತದೆ. ನಮ್ಮ ಧಾರವಾಡದ ಕನ್ನಡದಲ್ಲಿ ಮಾಡಿದ ಕಾಮೆಂಟ್ರಿ ಗುಂಡಿನ ಸದ್ದಿನಲ್ಲಿ ಮುಳುಗಿಹೋಗುವುದು ನನಗೆ ಸಹಿಸುವುದಿಲ್ಲ. ಈ ಒಂದು ಸೆಟ್ಟಿಂಗ್ ಇವತ್ತೇ ಮಾಡಿಟ್ಟುಕೊಳ್ಳಿ.

ಕೆಂಪು ಅಕ್ಷರಗಳು ಮಾತ್ರ ಅಂಚಿನಲ್ಲಿ ಕದಡಿದ ಹಾಗೆ ಕಾಣುತ್ತವೆ.

ಹೆಚ್ಚಿನ ವಿಡಿಯೋಗಳು 4:2:0 ಅನ್ನುವ ಕ್ರಮದಲ್ಲಿ ಬಣ್ಣ ಉಳಿಸುತ್ತವೆ. ಬೆಳಕಿನ ಮಾಹಿತಿ ಪ್ರತಿ ಚುಕ್ಕೆಗೂ ಇರುತ್ತದೆ, ಬಣ್ಣದ ಮಾಹಿತಿ ನಾಲ್ಕು ಚುಕ್ಕೆಗೆ ಒಂದೇ. ಕಡುಗಪ್ಪಿನ ಮೇಲೆ ಕೆಂಪು ಅಕ್ಷರ ಇದ್ದಾಗ ಅದು ಕಾಣಿಸುತ್ತದೆ. ಬಿಟ್‌ರೇಟ್ ಏರಿಸಿದರೂ ಹೋಗುವುದಿಲ್ಲ. 4:4:4ಗೆ ಹೋದರೆ ಬಹಳ ಫೋನ್‌ಗಳಲ್ಲಿ ಓಡುವುದೇ ಇಲ್ಲ, ಆದ್ದರಿಂದ ಹೋಗಬೇಡಿ. ಆಟದ ಸೆಟ್ಟಿಂಗಿನಲ್ಲಿ ಅಕ್ಷರದ ಅಥವಾ ಕ್ರಾಸ್‌ಹೇರ್‌ನ ಬಣ್ಣ ಬಿಳಿ ಇಲ್ಲವೇ ಹಳದಿ ಮಾಡಿ.

ಜಿಪ್ ಮಾಡಿದರೆ ಚಿಕ್ಕದಾಗಲ್ವಾ?

ಇಲ್ಲ. ಕೋಡೆಕ್ ಆಗಲೇ ಹಿಂಡಿದ್ದನ್ನು ಜಿಪ್ ಇನ್ನೇನು ಹಿಂಡೀತು? ನೂರಕ್ಕೆ ಒಂದೆರಡು ಕಡಿಮೆಯಾದರೆ ಹೆಚ್ಚು.

ಗೆಳೆಯ ಕಳಿಸಿದ ಮಸುಕು ವಿಡಿಯೋವನ್ನು ಜಾಸ್ತಿ ಬಿಟ್‌ರೇಟ್ ಕೊಟ್ಟು ಸರಿ ಮಾಡಬಹುದಾ?

ಪೇಡೆಯಿಂದ ಹಾಲು ಬರುವುದಿಲ್ಲ. ಫೈಲ್ ದೊಡ್ಡದಾಗುತ್ತದೆ, ಮಸುಕು ಹಾಗೇ ಇರುತ್ತದೆ. ಅವನ ಹತ್ತಿರ ಮೂಲ ಫೈಲ್ ಇನ್ನೂ ಇದೆಯಾ ಅಂತ ಕೇಳಿ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಮೂಲ ಫೈಲ್ ಎಷ್ಟು ದಿನ ಇಟ್ಟುಕೊಳ್ಳಲಿ? ಡಿಸ್ಕ್ ತುಂಬಿಹೋಗಿದೆ.

ಪೂರ್ತಿ ಮ್ಯಾಚ್‌ಗಳ ಮೂಲ ಇಟ್ಟುಕೊಳ್ಳಬೇಕಾಗಿಲ್ಲ. ನಾನು ಮಾಡುವುದು ಹೀಗೆ. ತಿಂಗಳಿಗೊಮ್ಮೆ ಕೂತು, ಬೇಕೆನಿಸಿದ ತುಣುಕುಗಳನ್ನು ಲಾಸ್‌ಲೆಸ್‌ಕಟ್‌ನಲ್ಲಿ ಎನ್‌ಕೋಡ್ ಇಲ್ಲದೆ ಕತ್ತರಿಸಿ, ಎಂಕೆವಿಯಾಗಿಯೇ ಹೊರಗಿನ ಡಿಸ್ಕಿಗೆ ಹಾಕುತ್ತೇನೆ. ಅವುಗಳ ಗುಣಮಟ್ಟ ಮುಟ್ಟುವುದಿಲ್ಲ. ಉಳಿದ ಮ್ಯಾಚ್‌ಗಳಲ್ಲಿ ನೆನಪಿಗೆ ಬೇಕಾದದ್ದು ಎಕ್ಸ್265ನಲ್ಲಿ 24ಕ್ಕೆ ಒತ್ತಿ ಇಡುತ್ತೇನೆ. ಹೊಸ ಪ್ರತಿಯನ್ನು ಶುರು, ಮಧ್ಯ, ಕೊನೆ ಮೂರೂ ಕಡೆ ಓಡಿಸಿ, ಸದ್ದು ಬರುತ್ತಿದೆಯಾ ಅಂತ ಕಿವಿಯಿಂದ ಕೇಳಿ, ಆಮೇಲೆ ಮಾತ್ರ ಮೂಲ ಅಳಿಸುತ್ತೇನೆ.